ಹೊಂಗೆ ಕಟ್ಟೆಯ ಮೇಲಿನ ಆಟ

ಫೆಬ್ರವರಿ ಕೊನೆಗೆ ನಮ್ಮ ಮನೆಗೆ ಹೊಸ ಹುಣಸೆಹಣ್ಣು ಬರುತ್ತದೆ. ನನ್ನ ಹೆಂಡತಿಗೆ ಪ್ಯಾಕೆಟ್ಟಿನ ಹುಣಸೆ ಆಗುವುದಿಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಗಾಡಿಯವನ ಜೊತೆ ಜಗಳವಾಡಿ ನಾಲ್ಕೈದು ಕೇಜಿ ತಂದು, ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುತ್ತಾಳೆ. ಬಿಸಿಲಿಗೆ ಕಾದ ಹುಣಸೆಯ ವಾಸನೆ ಒಳಗೆಲ್ಲ ತುಂಬಿಕೊಳ್ಳುತ್ತದೆ. ಬೇರೆಯವರ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಅದು ಸೇರುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಇದನ್ನು ಹೇಳಿಲ್ಲ... ಹೇಳಿದರೆ ಹಿಂದೆ ನನ್ನ ಜೊತೆ ಆಸ್ಪತ್ರೆಯಲ್ಲಿದ್ದ ಒಬ್ಬ ಮೇಸ್ತ್ರಿಯ ವಿಷಯವನ್ನೆಲ್ಲ ಹೇಳಬೇಕಾಗುತ್ತದೆ.

ಇವತ್ತು ಬೆಳಗ್ಗೆ ಅವಳು ಬೀಜ ಬಿಡಿಸುವಾಗ ಒಂದು ಬೀಜ ಉರುಳಿ ನನ್ನ ವೀಲ್‌ಚೇರಿನ ಚಕ್ರದ ಬುಡಕ್ಕೆ ಬಂತು. ಬಗ್ಗಿ ಎತ್ತಿಕೊಂಡೆ. ಮಧ್ಯಾಹ್ನದವರೆಗೂ ಅದು ನನ್ನ ಮುಷ್ಟಿಯೊಳಗೇ ಇತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಆಗ ತಿಪ್ಪಸಂದ್ರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದೆ. ಕೆ.ಆರ್. ಪುರದಲ್ಲಿ ತೂಗುಸೇತುವೆ ಇನ್ನೂ ಆಗಿರಲಿಲ್ಲ. ಅಲ್ಲಿನ ರೈಲ್ವೆ ಹಳಿಯ ಹತ್ತಿರ ಲಾರಿಯೊಂದು ಹಿಂದಿನಿಂದ ನನ್ನ ಸ್ಕೂಟರಿಗೆ ತಗುಲಿತು. ಬಿದ್ದಿದ್ದು ನೆನಪಿದೆ, ಏಳಲು ಹೋಗಿದ್ದೂ ನೆನಪಿದೆ. ಸೊಂಟದಿಂದ ಕೆಳಗಿನ ಸಮಾಚಾರ ಅಂದಿನಿಂದ ನನಗೆ ತಲುಪಿಲ್ಲ. ದೊಡ್ಡಾಸ್ಪತ್ರೆಯವರು ಬೆನ್ನುಮೂಳೆಗೆ ಸರಳು ಹಾಕಿ, ಇನ್ನು ನಮ್ಮ ಕೆಲಸ ಮುಗಿಯಿತು ಅಂತ ಹಲಸೂರಿನ ಒಂದು ಆರೈಕೆ ಕೇಂದ್ರಕ್ಕೆ ಕಳಿಸಿದರು. ಹಳೇ ಕಾಲದ ಬಂಗಲೆ, ಹನ್ನೆರಡು ಮಂಚ, ಮುಂದೆ ಅಂಗಳ, ಅಂಗಳದಲ್ಲಿ ಒಂದು ಹೊಂಗೆಮರ, ಅದರ ಸುತ್ತ ಕಲ್ಲುಚಪ್ಪಡಿಯ ಕಟ್ಟೆ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ.

ಅಲ್ಲಿ ನಮಗೆ ಕಲಿಸುತ್ತಿದ್ದುದು ಒಂದೇ ವಿದ್ಯೆ, ಕೂರುವುದು. ನಗಬೇಡಿ. ನೆಟ್ಟಗಿರುವ ಮನುಷ್ಯ ಕೂತಲ್ಲೇ ಅರಿಯದೆ ಆ ಕಡೆ ಈ ಕಡೆ ವಾಲುತ್ತಾನೆ, ಜೋಮು ಹಿಡಿದರೆ ಏಳುತ್ತಾನೆ. ನಮಗೆ ಜೋಮೂ ಇಲ್ಲ, ನೋವೂ ಇಲ್ಲ. ಕೂತ ಕಡೆಯೇ ಕೂತರೆ ಕುಂಡಿಯ ಚರ್ಮ ಒಳಗೊಳಗೇ ಸತ್ತು ಹುಣ್ಣಾಗುತ್ತದೆ. ಆ ಹುಣ್ಣು ಮೂಳೆಗೆ ಇಳಿದರೆ ಮುಗಿಯಿತು. ಅದಕ್ಕೇ ಹದಿನೈದು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈಯನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ನಮ್ಮ ವಾರ್ಡಿನ ಸಿಸ್ಟರ್ ಹಲಸೂರಿನ ತಮಿಳಿನವರು, ಗಟ್ಟಿ ಗಂಟಲು. “ಎತ್ತುಪ್ಪಾ, ಎತ್ತು!” ಅಂತ ಅವರು ಕೂಗಿದರೆ ಹನ್ನೆರಡು ಜನರೂ ಒಟ್ಟಿಗೆ ಮೇಲೇಳುತ್ತಿದ್ದೆವು. ಇಬ್ಬಿಬ್ಬರಿಗೆ ಜೋಡಿ ಕಟ್ಟಿದ್ದರು. ಒಬ್ಬ ಇನ್ನೊಬ್ಬನಿಗೆ ಹೊತ್ತು ನೋಡಿ ಎತ್ತಿಸಬೇಕು, ಸಂಜೆ ಅವನ ಹಿಂಭಾಗಕ್ಕೆ ಕನ್ನಡಿ ಹಿಡಿದು ಎಲ್ಲಾದರೂ ಕೆಂಪಾಗಿದೆಯೋ ನೋಡಬೇಕು. ನಾಚಿಕೆ ಮೊದಲ ವಾರಕ್ಕೇ ಹೋಗಿಬಿಡುತ್ತದೆ. ನನ್ನ ಜೋಡಿ ಮೇಸ್ತ್ರಿ.

ಯಾದಗಿರಿ ಕಡೆಯವರು. ಗಾರೆ ಕೆಲಸ. ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯ ಜೊತೆ ಇದ್ದರು. ಸಿ.ವಿ. ರಾಮನ್ ನಗರದಲ್ಲಿ ಏಳುತ್ತಿದ್ದ ಕಟ್ಟಡದ ಮೂರನೇ ಮಹಡಿಯಿಂದ, ಕಾಲ ಕೆಳಗಿನ ಹಲಗೆ ಮುರಿದು ಬಿದ್ದಿದ್ದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಅಂಗೈ ಎಂದರೆ ನಮ್ಮ ನಿಮ್ಮ ಅಂಗಾಲು. ಸುಣ್ಣ, ಸಿಮೆಂಟು ತಿಂದು ತಿಂದು ದಪ್ಪಗಾಗಿದ್ದ ಕೈ. ನಾವೆಲ್ಲ ಟವಲಿನ ತುದಿಯಲ್ಲಿ ಹಿಡಿದು ಊದುತ್ತಿದ್ದ ಸ್ಟೀಲ್ ಲೋಟದ ಟೀಯನ್ನು ಅವರು ಬರಿಗೈಯಲ್ಲಿ ಹಿಡಿದು ಆರಾಮಾಗಿ ಕುಡಿಯುತ್ತಿದ್ದರು. ಆ ಕೈಯನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಬಂದ ಹೊಸದರಲ್ಲಿ ಅವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ, ಮಾತು ಬೇಡ. ಕಸರತ್ತಿಗೆ ಮಾತ್ರ ಇಲ್ಲ ಎನ್ನುತ್ತಿರಲಿಲ್ಲ, ಅದು ಕೆಲಸದ ಹಾಗೆ ಕಾಣುತ್ತಿತ್ತೇನೋ. ಅವರಿಗೆ ಆಗದೆ ಇದ್ದುದು ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ಆಟದ ಹೊತ್ತು. ಇಂದಿರಾನಗರದಿಂದ ಒಬ್ಬ ಮೇಡಂ ವಾರಕ್ಕೆ ಮೂರು ಸಲ ಕೇರಂ ಬೋರ್ಡು, ಬಣ್ಣದ ಪೆನ್ಸಿಲ್ಲು, ಇಸ್ಪೀಟು ಹೊತ್ತು ತರುತ್ತಿದ್ದರು. ಒಳ್ಳೆಯ ಹೆಂಗಸು. ಆಡಿದರೆ ಕೈಗೂ ಬಲ, ಮನಸ್ಸಿಗೂ ಬಲ ಎನ್ನುತ್ತಿದ್ದರು. ಪ್ರತಿಯೊಬ್ಬರದೂ ಒಂದು ಫಾರಂ ತುಂಬಿಸುತ್ತಿದ್ದರು. ಮೇಸ್ತ್ರಿಗೆ ಓದು ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ. ‘ಹವ್ಯಾಸ’ ಅಂತ ಒಂದು ಖಾನೆ ಇತ್ತು.

“ಹಂಗಂದ್ರೇನು ತಮ್ಮಾ?”

“ಕೆಲಸ ಇಲ್ದಾಗ ಏನ್ ಮಾಡ್ತೀರಿ ಅಂತ, ಮೇಸ್ತ್ರಿ.”

“ಕೆಲಸ ಇಲ್ದಾಗ ಕೆಲಸ ಹುಡುಕ್ತೀವಿ. ಮತ್ತೇನು ಮಾಡ್ತಾರ?”

ಹಾಗೆಯೇ ಬರೆದೆ. ಮೇಡಂ ಓದಿ ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡರು. ಕೇರಂಗೆ ಬನ್ನಿ ಅಂತ ಅವರು ಇನ್ನೊಂದು ದಿನ ಬಲವಂತ ಮಾಡಿದಾಗ ಮೇಸ್ತ್ರಿ ಸಿಡಿದುಬಿಟ್ಟರು. “ನನ್ ಹೆಂಡ್ತಿ ತಲಿ ಮ್ಯಾಲ ಇಟ್ಟಂಗಿ ಹೊರ್ಲಿಕ್ಕತ್ಯಾಳ್ರೀ. ನಾ ಇಲ್ಲಿ ಕುಂತು ಆಟ ಆಡ್ಲೇನು? ಕುಂತು ಉಣ್ಣಾಂವಗ ಕುಡಿಕಿ ಹೊನ್ನು ಸಾಲದು ಅಂತಾರ. ಈಗ ಕುಂತು ಆಡೂದೂ ಕಲೀಲೇನು?” ಮೇಡಂ ಕಣ್ಣಲ್ಲಿ ನೀರು ಬಂತು. ನನಗೆ ಮೇಸ್ತ್ರಿಯ ಮೇಲೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಮೇಸ್ತ್ರಿಯ ಹೆಂಡತಿ ಬಂದರು. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ರೊಟ್ಟಿಯ ಗಂಟಿನ ಜೊತೆ, ಸೈಟಿನ ಪಕ್ಕದ ಮರದ್ದು ಅಂತ ಒಂದು ಹಿಡಿ ಹುಣಸೆಹಣ್ಣು ತಂದಿದ್ದರು. ಆಕೆ ಹೋದ ಮೇಲೆ ಮೇಸ್ತ್ರಿ ಒಂದೊಂದೇ ಹಣ್ಣು ಚೀಪಿ ಬೀಜವನ್ನು ಅಂಗೈಗೆ ಉಗಿದುಕೊಂಡರು. ಆಮೇಲೆ ಕಿಟಕಿಯ ಕಡಪ ಕಲ್ಲಿಗೆ ಒಂದು ಬೀಜವನ್ನು ಇಟ್ಟು ಪರಪರ ಉಜ್ಜತೊಡಗಿದರು. ಏನು ಮಾಡುತ್ತಿದ್ದಾರೆ ಅಂತ ನಾನು ಬಗ್ಗಿ ನೋಡುವಷ್ಟರಲ್ಲಿ ಚುರ್ರೆಂದು ನನ್ನ ಮೊಣಕೈಗೆ ಒತ್ತಿದರು. ಕೂಗಿಬಿಟ್ಟೆ. ಇಡೀ ವಾರ್ಡು ತಿರುಗಿತು. ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಎಲ್ಲರೂ ಎಲ್ಲರಿಗೂ ಮಾಡಿದ ತುಂಟತನ ಅದು, ನಲವತ್ತು ದಾಟಿದ ಮನುಷ್ಯ ಮಾಡಿದ್ದ.

ಮತ್ತೆ ಉಜ್ಜಿ ನನ್ನ ಮೊಣಕಾಲಿಗೆ ಒತ್ತಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ಉಜ್ಜಿ ತಮ್ಮ ತೊಡೆಗೂ ಒತ್ತಿಕೊಂಡರು. ಸ್ವಲ್ಪ ಹೊತ್ತು ಅಲ್ಲೇ ಹಿಡಿದಿದ್ದರು.

“ಕೆಳಗ ಮುಟ್ಟಿಸಿದ್ರ ಏನೂ ಮಜಾ ಇಲ್ಲ ಬಿಡು, ತಮ್ಮಾ,” ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹಾಗೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜಗಳೇ ನಮ್ಮ ದಾಳಗಳಾದವು. ಮೇಡಂ ಕೊಟ್ಟ ರಟ್ಟಿನ ಮೇಲೆ ಮೇಸ್ತ್ರಿ ಚೌಕಾಬಾರದ ಮನೆ ಬರೆದರು. ಸ್ಕೇಲು ಮುಟ್ಟಲಿಲ್ಲ, ಒಂದು ಕಣ್ಣು ಮುಚ್ಚಿ ಗೆರೆ ಎಳೆದರು. ಇಪ್ಪತ್ತೈದು ಮನೆಯೂ ಅಚ್ಚು ಹೊಡೆದ ಹಾಗಿತ್ತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕರಿ ಬಿದ್ದರೆ ಬಾರ. ಊರಲ್ಲಿ ಹನ್ನೆರಡು ವರ್ಷದವರಿದ್ದಾಗ ಆಡಿದ್ದಂತೆ, ಆಮೇಲೆ ಗಾರೆ ಬಳಿಯುವ ಕರಣೆ ಹಿಡಿದ ಕೈ ಬೀಜ ಹಿಡಿದಿರಲಿಲ್ಲ. ಎರಡು ದಿನ ಮೇಜಿನ ಮೇಲೆ ಆಡಿದೆವು. ಮೂರನೇ ದಿನ ಅವರಿಗೆ ಬೇಸರ ಬಂತು. ಚೌಕಾಬಾರವನ್ನು ಕಟ್ಟೆಯ ಮೇಲೆ, ಚಕ್ಕಂಬಕ್ಕಳ ಹಾಕಿ ಆಡಬೇಕು, ಕುರ್ಚಿಯಲ್ಲಿ ಕೂತು ಆಡುವುದು ಆಸ್ಪತ್ರೆ ಆಟ ಎಂದರು.

ಹೊಂಗೆಯ ಕಟ್ಟೆ ವೀಲ್‌ಚೇರಿನಷ್ಟೇ ಎತ್ತರವಿತ್ತು. ಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಮಧ್ಯೆ ಹಲಗೆ ಇಟ್ಟು, ಗಾರೆ ಕೆಲಸದಲ್ಲಿ ಗಟ್ಟಿಯಾದ ತೋಳಿನ ಬಲದಲ್ಲೇ ಮೈ ಜಾರಿಸಿಕೊಂಡು ಅವರು ಕಟ್ಟೆಗೆ ಹೋಗುತ್ತಿದ್ದರು. ಕಾಲುಗಳನ್ನು ಕೈಯಿಂದ ಎತ್ತಿ ಮಡಚಿ ಇಟ್ಟುಕೊಂಡು, ಮರಕ್ಕೆ ಬೆನ್ನು ಕೊಟ್ಟು ಕೂತರೆ, ನನ್ನಾಣೆ, ಅವರಿಗೆ ಏನಾಗಿದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಅಷ್ಟು ಧೈರ್ಯ ಇರಲಿಲ್ಲ. ನಾನು ಕುರ್ಚಿಯಲ್ಲೇ ಕೂತು, ಒಂದು ಕೈಯನ್ನು ಕಟ್ಟೆಗೆ ಊರಿ, ಇನ್ನೊಂದರಲ್ಲಿ ಬೀಜ ಹಾಕುತ್ತಿದ್ದೆ. ಕೂರುವ ದಪ್ಪ ದಿಂಬನ್ನು ಕಟ್ಟೆಗೂ ತೆಗೆದುಕೊಂಡು ಹೋಗಿ ಅಂತ ಸಿಸ್ಟರ್ ಹೇಳಿದ್ದರು. ಒಂದು ವಾರ ತೆಗೆದುಕೊಂಡರು. ಆಮೇಲೆ ಅದನ್ನು ಮರದ ಹಿಂದೆ ಇಟ್ಟು, ಹೆಗಲ ಮೇಲಿನ ಟವಲು ಹಾಸಿಕೊಳ್ಳತೊಡಗಿದರು. “ಕಟ್ಟಿ ಮ್ಯಾಲ ಗಾದಿ ಹಾಕ್ಕೊಂಡು ಕುಂತ್ರ ನೋಡಾವ್ರು ಏನಂದಾರು?” ಎಂದರು. ನಾನು ಹೆಚ್ಚು ವಾದಿಸಲಿಲ್ಲ. ಗಡಿಯಾರ ನೋಡಿ ಹದಿನೈದು ನಿಮಿಷಕ್ಕೆ ಸರಿಯಾಗಿ “ಎತ್ತಿ, ಮೇಸ್ತ್ರಿ” ಎನ್ನುತ್ತಿದ್ದೆ, ಅವರೂ ಎತ್ತುತ್ತಿದ್ದರು. ಅಷ್ಟು ಮಾಡಿದರೆ ಸಾಕು ಅಂತ ನಾವಿಬ್ಬರೂ ನಂಬಿದ್ದೆವು.

ಆ ಒಂದೂವರೆ ತಿಂಗಳಲ್ಲಿ ಅವರು ತುಂಬ ಬದಲಾದರು. ಎರಡು ಹೊತ್ತೂ ಉಂಡರು. ನನ್ನ ಕಾಯಿ ಹೊಡೆದಾಗಲೆಲ್ಲ ತೊಡೆ ತಟ್ಟಿಕೊಂಡು ಕೇಕೆ ಹಾಕಿದರು. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಆಟ ನಿಂತರೆ ವಿಮಾನಕ್ಕೇ ಬೈದರು. ಭಾನುವಾರ ಬಂದ ಅಕ್ಕ ದೂರದಿಂದ ಇದನ್ನೆಲ್ಲ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟರು. ಇನ್ನೂ ದೊಡ್ಡ ಸುದ್ದಿ ಎಂದರೆ, ಅವರ ಹಳೇ ಕಂಟ್ರ್ಯಾಕ್ಟರು ಕೆ.ಆರ್. ಪುರದ ಸೈಟಿನಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುವ ಕೆಲಸ ಕೊಡಲು ಒಪ್ಪಿದ್ದ. ದಿನವಿಡೀ ಕೂತು, ಸಿಮೆಂಟು, ಸಲಾಕೆ ಯಾರು ಒಯ್ದರು ಅಂತ ಕಣ್ಣಿಡುವ ಕೆಲಸ. ಯುಗಾದಿಗೆ ಮನೆಗೆ ಕಳಿಸುವುದೆಂದು ಡಾಕ್ಟರು ಹೇಳಿದ್ದರು. ಒಂದೇ ಷರತ್ತು, ಅಲ್ಲಿಯವರೆಗೆ ಚರ್ಮ ಕೆಡಬಾರದು.

ಹೊಂಗೆಮರ ಫೆಬ್ರವರಿ ಕೊನೆಗೆ ಎಲೆ ಉದುರಿಸುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ದಿನಾ ಕಟ್ಟೆಯ ಮೇಲಿನ ಒಣ ಎಲೆಯನ್ನು ಟವಲಿನಲ್ಲಿ ಜಾಡಿಸಿಯೇ ನಾವು ಆಟ ಹೂಡುತ್ತಿದ್ದೆವು. ಎಲೆ ಕೆಳಗೆ ಬಿದ್ದರೆ ನೆರಳೂ ಹೋಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಾವು ನಿಮಿಷ ಎಣಿಸುವುದರಲ್ಲಿದ್ದೆವು.

ಅವತ್ತು ಮೇಸ್ತ್ರಿಯದು ಮೂರು ಕಾಯಿ ಹಣ್ಣಾಗಿತ್ತು, ಇನ್ನೊಂದು ನಡುಮನೆ ಸೇರಬೇಕಿತ್ತು. ಆಗ ಗೇಟು ತೆಗೆದುಕೊಂಡು ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಅಂಗಳದಲ್ಲಿ ವೀಲ್‌ಚೇರಿನಲ್ಲಿ ನಾವು ಮೂರ್ನಾಲ್ಕು ಜನ ಇದ್ದೆವು. ಎಲ್ಲರನ್ನೂ ದಾಟಿಕೊಂಡು ಬಂದು ಕಟ್ಟೆಯ ಮುಂದೆ ನಿಂತ.

“ಯಜಮಾನ್ರೇ, ಆಫೀಸ್ ಎಲ್ಲಿ ಬರುತ್ತೆ?”

ಮೇಸ್ತ್ರಿ ಬೀಜ ಹಿಡಿದ ಕೈಯಲ್ಲೇ ತೋರಿಸಿದರು. “ಸೀದಾ ಹೋಗ್ರಿ, ಎಡಕ್ಕ ಹೊಳ್ಳ್ರಿ.”

“ನೀವು ಇಲ್ಲೇ ಕೆಲಸ ಮಾಡೋದಾ?”

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. “ಹೌದ್ರೀ,” ಎಂದರು.

ಅವನು ಹೋದ ಮೇಲೂ ಅವರು ಸ್ವಲ್ಪ ಹೊತ್ತು ಆಫೀಸಿನ ಬಾಗಿಲ ಕಡೆಯೇ ನೋಡುತ್ತಿದ್ದರು. ಮುಖ ಅರಳಿತ್ತು. ಬೆನ್ನನ್ನು ಮರಕ್ಕೆ ಇನ್ನಷ್ಟು ಒತ್ತಿ, ಎದೆ ಸೆಟೆಸಿಕೊಂಡು, ಬೀಜ ಕುಲುಕತೊಡಗಿದರು. ಸರಿಯಾಗಿ ಆ ಹೊತ್ತಿಗೆ, ನನ್ನ ಮೈಯ ನೆರಳಿನಲ್ಲಿ ಊರಿದ್ದ ಕೈ ಜಾರಿತು. ಬಿಸಿಲು ಬಿದ್ದ ಕಡೆ ಊರಿದೆ. ಟವಲಿನ ಅಂಚಿನ ಪಕ್ಕದಲ್ಲಿ. ಕಲ್ಲು ಬಿಸಿಯಾಗಿತ್ತು. ಸುಡುವಷ್ಟಲ್ಲ... ಇಲ್ಲ, ಇನ್ನು ಈ ಸುಳ್ಳು ಬೇಡ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಾಗಿತ್ತು. ನಾನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಹೇಳಬೇಕು ಅಂದುಕೊಂಡೆ. ಹೇಳಿದರೆ ಅವರು ಆ ಹಲಗೆಯ ಮೇಲೆ ಜಾರಿಕೊಂಡು ಮತ್ತೆ ವೀಲ್‌ಚೇರಿಗೆ ಬರಬೇಕು. ಆ ಬಿಳಿ ಅಂಗಿಯವನು ಆಫೀಸಿನಿಂದ ವಾಪಸು ಬರುತ್ತಾನೆ, ಅವರನ್ನು ಕುರ್ಚಿಯಲ್ಲಿ ನೋಡುತ್ತಾನೆ. ಅವನು ಹೋಗಿಬಿಡಲಿ, ಆಮೇಲೆ ಹೇಳೋಣ ಎಂದುಕೊಂಡೆ. ಈ ಒಂದು ಆಟ ಮುಗಿಯಲಿ ಎಂದುಕೊಂಡೆ. ಆ ಆಟ ಅವರು ಗೆದ್ದರು, ಇನ್ನೊಂದು ಹೂಡಿದರು. ಬಿಳಿ ಅಂಗಿಯವನು ಹೊರಗೆ ಬರುವಾಗ ಮೇಸ್ತ್ರಿಗೆ ಕೈ ಎತ್ತಿ ಹೋದ, ಅವರೂ ಕೈ ಎತ್ತಿದರು. ನಾನು ಹದಿನೈದು ನಿಮಿಷಕ್ಕೊಮ್ಮೆ ತಪ್ಪದೆ ಎತ್ತಿಸಿದೆ. ಎತ್ತಿದ ಮೈಯನ್ನು ಅವರು ಮತ್ತೆ ಅದೇ ಕಲ್ಲಿನ ಮೇಲೆ ಇಳಿಸುತ್ತಿದ್ದರು.

ಸಂಜೆ ಕನ್ನಡಿ ಹಿಡಿದೆ. ಎರಡೂ ಕಡೆ ಅಂಗೈಯಗಲದ ಬೊಬ್ಬೆ ಎದ್ದಿದ್ದವು.

ಸಿಸ್ಟರ್ ಬಂದು ನೋಡಿ ತಲೆ ಚಚ್ಚಿಕೊಂಡರು. ಎಲ್ಲಿ ಕೂತಿದ್ರಿ ಎಂದರು, ಕಟ್ಟೆಯ ಮೇಲೆ ಎಂದರು ಮೇಸ್ತ್ರಿ. ದಿಂಬು ಎಲ್ಲಿತ್ತು ಎಂದರು, ಮರೆತೆ ಎಂದರು. ಆಮೇಲೆ ಸಿಸ್ಟರ್ ನನ್ನ ಕಡೆ ತಿರುಗಿದರು. “ನೀನ್ ಪಕ್ಕದಲ್ಲೇ ಇದ್ದಲ್ಲಪ್ಪಾ? ಕಲ್ಲು ಮುಟ್ಟಿ ನೋಡ್ಲಿಲ್ವಾ?”

“ಟೈಮ್‌ಗೆ ಸರಿಯಾಗಿ ಎತ್ತಿಸ್ದೆ ಸಿಸ್ಟರ್,” ಎಂದೆ. ಕೇಳಿದ್ದಕ್ಕೆ ಉತ್ತರ ಅದಾಗಿರಲಿಲ್ಲ. ಸಿಸ್ಟರ್ ಮುಲಾಮಿನ ಡಬ್ಬಿ ತರಲು ಓಡಿದರು.

ಅಂದಿನಿಂದ ಮೇಸ್ತ್ರಿ ಕೂರಲಿಲ್ಲ. ಗಾಲಿ ಹಚ್ಚಿದ ಮಂಚದ ಮೇಲೆ ಬೋರಲು ಮಲಗಿಸಿದರು. ಊಟ ಬೋರಲು, ನಿದ್ದೆ ಬೋರಲು, ಬಂದವರ ಚಪ್ಪಲಿ ನೋಡಿ ಯಾರೆಂದು ಗುರುತು ಹಿಡಿಯುವುದು. ಬೊಬ್ಬೆ ಒಡೆಯಿತು, ಚರ್ಮ ಕರಿಯಾಯಿತು, ಕರಿದನ್ನು ಕತ್ತರಿಸಿ ತೆಗೆದರೆ ಕೆಳಗೆ ಹಳ್ಳ. ದಿನಾ ಬೆಳಗ್ಗೆ ಸಿಸ್ಟರ್ ಬಟ್ಟೆ ಬದಲಿಸುವಾಗ ವಾಸನೆ ನನ್ನ ಮಂಚದವರೆಗೆ ಬರುತ್ತಿತ್ತು. ಯುಗಾದಿಯ ಹೊತ್ತಿಗೆ ಹೊಂಗೆ ಮತ್ತೆ ತುಂಬ ಚಿಗುರಿ ಕಟ್ಟೆಯ ತುಂಬ ನೆರಳು ಚೆಲ್ಲಿತು. ನನಗೆ ಆ ಮರವನ್ನು ಕಡಿದುಹಾಕುವಷ್ಟು ಕೋಪ ಬರುತ್ತಿತ್ತು. ಸಾಮಾನಿನ ಕೋಣೆಯ ಕೆಲಸಕ್ಕೆ ಕಂಟ್ರ್ಯಾಕ್ಟರು ಬೇರೆಯವನನ್ನು ಕೂರಿಸಿದ.

ನಾನು ರಟ್ಟನ್ನೂ ಬೀಜಗಳನ್ನೂ ನನ್ನ ತಲೆದಿಂಬಿನ ಕೆಳಗೆ ಬಚ್ಚಿಟ್ಟಿದ್ದೆ. ಒಂದು ಮಧ್ಯಾಹ್ನ ಆಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿದ್ದರು. ನಾನು ಅವರ ಮಂಚದ ಪಕ್ಕ ಕುರ್ಚಿ ತಂದು ಸುಮ್ಮನೆ ಕೂತಿದ್ದೆ. ಅವರಿಗೆ ಜ್ವರ ಬಂದು ಬಿಟ್ಟು ಆಗುತ್ತಿದ್ದ ದಿನಗಳು. ನೆಲ ನೋಡುತ್ತಲೇ ಕೇಳಿದರು.

“ಅವತ್ತು ಕಲ್ಲು ಕಾದಿತ್ತೇನು ತಮ್ಮಾ?”

“ಗೊತ್ತಾಗ್ಲಿಲ್ಲ, ಮೇಸ್ತ್ರಿ,” ಎಂದೆ.

“ಹೋಗ್ಲಿ ಬಿಡು. ಆಟ ಚಲೋ ಇತ್ತು,” ಎಂದರು.

ಕಲ್ಲಿನ ಜೊತೆಯೇ ಬದುಕಿದ ಮನುಷ್ಯ. ಬಿಸಿಲಿಗೆ ಕಲ್ಲು ಎಷ್ಟು ಕಾಯುತ್ತದೆ ಅಂತ ಅವರಿಗೆ ತಿಳಿಯದೆ ಇತ್ತೇ? ಆ ದಪ್ಪ ಅಂಗೈಗೆ ಗೊತ್ತಾಗಲೇ ಇಲ್ಲವೋ, ಗೊತ್ತಾಗಿಯೂ ಆ ಬಿಳಿ ಅಂಗಿಯವನು ವಾಪಸು ಹೋಗುವವರೆಗೆ ಎಂದು ಅವರೂ ಕೂತರೋ... ಎಷ್ಟೋ ವರ್ಷ ನಾನು ಎರಡನೆಯದನ್ನೇ ನಂಬಿಕೊಂಡಿದ್ದೆ. ಅದು ನನಗೆ ಅನುಕೂಲವಾಗಿತ್ತು, ಅಷ್ಟೇ.

ಹುಣ್ಣು ಮೂಳೆಗೆ ಇಳಿಯಿತು. ಮುಂಗಾರು ಶುರುವಾಗುವ ಹೊತ್ತಿಗೆ ಅವರನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ಬೋರಲಾಗಿಯೇ ಆಂಬುಲೆನ್ಸ್ ಹತ್ತಿಸಿದ್ದರಿಂದ ನಾನು ಕೊನೆಗೆ ನೋಡಿದ್ದು ಅವರ ಬೆನ್ನನ್ನು. ಎರಡು ವಾರದ ಮೇಲೆ ಆಫೀಸಿಗೆ ಫೋನು ಬಂತು. ಸಿಸ್ಟರ್ ವಾರ್ಡಿಗೆ ಬಂದು ಮೇಸ್ತ್ರಿಯ ಹಾಸಿಗೆಯ ಬಟ್ಟೆ ತೆಗೆಯತೊಡಗಿದರು. ಅವತ್ತು “ಎತ್ತುಪ್ಪಾ” ಅಂತ ಯಾರೂ ಕೂಗಲಿಲ್ಲ, ನಾವೇ ಗಡಿಯಾರ ನೋಡಿ ಎತ್ತಿಕೊಂಡೆವು.

ಊರಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಅಕ್ಕ ಒಮ್ಮೆ ಅವರ ಸಾಮಾನು ತೆಗೆದುಕೊಂಡು ಹೋಗಲು ಬಂದರು. ಒಂದು ಲೋಟ, ಎರಡು ಲುಂಗಿ, ಆ ಟವಲು. ನನ್ನ ತಲೆಯ ಮೇಲೆ ಕೈ ಇಟ್ಟರು. “ಅವ್ರು ದೊಡ್ಡಾವ್ರಾದ ಮ್ಯಾಲ ಆಟ ಅಂತ ಆಡಿದ್ದು ನಿಮ್ ಜೋಡಿನೇ ನೋಡ್ರಿ. ನಿಮ್ಮನ್ನ ಭಾಳ ನೆನಸ್ತಿದ್ರು,” ಎಂದರು. ಆಕೆಯ ಕಾಲು ಹಿಡಿದು ಹೇಳಿಬಿಡಬೇಕಿತ್ತು. ಬಗ್ಗಲು ಆಗದವನು ನಾನು ಅಂತ ನೆಪ ಹೇಳಿಕೊಂಡೆ. ಆಕೆ ಬಸ್ಸು ತಪ್ಪುತ್ತದೆಂದು ಗಂಟು ಹೊತ್ತು ಹೊರಟುಹೋದರು.

ಆಮೇಲೆ ನಾನು ಮನೆಗೆ ಬಂದೆ, ಜೆರಾಕ್ಸ್ ಅಂಗಡಿ ಇಟ್ಟೆ, ಮದುವೆಯಾದೆ. ನನ್ನ ಚರ್ಮ ಈವರೆಗೆ ಕೆಟ್ಟಿಲ್ಲ. ಕೂರುವ ಮುಂಚೆ ಕೈಯಿಂದ ಮುಟ್ಟಿ ನೋಡದೆ ನಾನು ಎಲ್ಲೂ ಕೂರುವುದಿಲ್ಲ. ಜಾಗರೂಕ ಮನುಷ್ಯ ಅಂತ ಎಲ್ಲರೂ ಹೊಗಳುತ್ತಾರೆ.

ಇವತ್ತು ಮೂರು ಗಂಟೆಗೆ ಹೆಂಡತಿ ಹುಣಸೆ ತಿರುವಿ ಹಾಕಲು ಹೊರಗೆ ಬಂದಳು. ಉಳಿದದ್ದರ ಬೀಜ ಬಿಡಿಸೋಣವೆಂದು ಮೊರ ಹಿಡಿದು ಚಪ್ಪಡಿಯ ಅಂಚಿನಲ್ಲಿ ಕೂರಲು ಹೋದಳು. ನಾನು ಕುರ್ಚಿಯಿಂದ ಬಗ್ಗಿ ಕಲ್ಲಿನ ಮೇಲೆ ಕೈ ಇಟ್ಟೆ.

“ಅಲ್ಲಿ ಕೂತ್ಕೋಬೇಡ್ವೇ, ಕಲ್ಲು ಕಾದಿದೆ.”

“ಕಾದಿದ್ರೆ ನಂಗೆ ಗೊತ್ತಾಗಲ್ವೇನ್ರೀ?” ಎಂದು ನಕ್ಕು, ಚಾಪೆ ತರಲು ಒಳಗೆ ಹೋದಳು.

ನಾನು ಕೈ ತೆಗೆಯಲಿಲ್ಲ. ಕಲ್ಲು ಕಾದಿದೆ. ಎರಡೇ ಎರಡು ಮಾತು, ಇವತ್ತು ಎಷ್ಟು ಸಲೀಸಾಗಿ ಬಾಯಿಗೆ ಬಂತು. ಅವಳು ಚಾಪೆ ಹಿಡಿದು ಬರುವವರೆಗೂ ಕೈಯನ್ನು ಅಲ್ಲೇ ಒತ್ತಿ ಹಿಡಿದಿದ್ದೆ. ಅವಳು ನೋಡಿ ಗಾಬರಿಯಾಗಿ ನನ್ನ ಕೈಯನ್ನು ಕಿತ್ತುಕೊಂಡಳು. ಅಂಗೈ ಕೆಂಪಗಾಗಿತ್ತು. ಇನ್ನೊಂದು ಕೈಯ ಮುಷ್ಟಿ ಬಿಡಿಸಿದಳು, ಅದರಲ್ಲಿ ಬೆಳಗಿನ ಬೀಜ ಇತ್ತು.

“ಏನಾಯ್ತ್ರೀ ನಿಮ್ಗೆ? ಕಲ್ಲಿನ್ ಮೇಲೆ ಯಾಕೆ ಕೈ ಇಟ್ಕೊಂಡಿದ್ರಿ?”

“ಆಸ್ಪತ್ರೇಲಿ ನಂಜೊತೆ ಒಬ್ರು ಮೇಸ್ತ್ರಿ ಇದ್ರು,” ಎಂದೆ. “ಅವ್ರು ಕೂತಿದ್ದ ಕಲ್ಲೂ ಹೀಗೇ ಕಾದಿತ್ತು ಕಣೇ. ನಂಗೆ ಗೊತ್ತಾಗಿತ್ತು.”